ಹದಿನೇಳನೆಯ ಪುಟ್ಟಿ

ನನ್ನ ಮೊಮ್ಮಗಳ ಪುಸ್ತಕ ಬಂದಿದೆ. ಕನ್ನಡದಲ್ಲಿ ಬಂದಿದೆ, ಅದೂ ನಾನು ಓದುವಂಥ ಕನ್ನಡದಲ್ಲಿ. ಮೊನ್ನೆ ಸೋಮವಾರ ಮೊದಲ ಬಸ್ಸಿಗೇ ರಾಯದುರ್ಗ ಬಿಟ್ಟು, ಅಪ್ಪ ಅಮ್ಮನನ್ನೂ ಹೊರಡಿಸಿಕೊಂಡು, ಪುಸ್ತಕದ ಪೆಟ್ಟಿಗೆಯನ್ನು ಕಂಡಕ್ಟರು ಎಷ್ಟು ಹೇಳಿದರೂ ಕೆಳಗಿಡದೆ ತೊಡೆಯ ಮೇಲೇ ಇಟ್ಟುಕೊಂಡು, ಕಲ್ಯಾಣದುರ್ಗ, ಪಾವಗಡ, ಮಡಕಶಿರಾ ಎಲ್ಲ ದಾಟಿ, ಅಗಳಿಯಿಂದ ಆಟೋ ಹಿಡಿದು ನಮ್ಮೂರಿಗೆ ಬಂದಳು. ಪೆಟ್ಟಿಗೆ ಬಿಚ್ಚಿ ಮೇಲಿನ ಪುಸ್ತಕವನ್ನು ತೆಗೆದು ಪಕ್ಕಕ್ಕಿಟ್ಟಳು. ಅದರ ಕೆಳಗಿನದನ್ನು ನನ್ನ ಕೈಗೆ ಕೊಟ್ಟಳು. ಮೊದಲನೆಯದು ಯಾರಿಗೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ರಟ್ಟಿನ ಮೇಲೆ ಹಗೇವಿನ ಬಾಯಿಯ ಫೋಟೋ ಇದೆ, ಚಪ್ಪಡಿ ಸರಿಸಿದ ಹಾಗೆ. ಕೆಳಗೆ ಅವಳ ಹೆಸರು. ನಾನು ಅಕ್ಷರದ ಕೆಳಗೆ ಬೆರಳಿಟ್ಟು, ಒಂದೊಂದನ್ನೂ ಕೂಡಿಸಿಕೊಂಡು ಗಟ್ಟಿಯಾಗಿ ಓದಿದೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಎಮ್ಮೆ ಕಾಯಲು ಹೋದವಳು ನಾನು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಹೊಟ್ಟೆಯಲ್ಲಿ ಹುಟ್ಟಿದವಳು ಪುಸ್ತಕ ಬರೆದಿದ್ದಾಳೆ. ಹಾಲಿನವನಿಗೆ ತೋರಿಸಿದೆ. ರಾಗಿ ಮಿಷನ್ನಿಗೆ ಹೋಗಿ, ಹಿಟ್ಟು ಬೀಸಿಸುವ ಕೆಲಸ ಇಲ್ಲದಿದ್ದರೂ, ಅಲ್ಲಿ ನಿಂತವರಿಗೆಲ್ಲ ತೋರಿಸಿದೆ. ಪಿಂಚಿಣಿ ಕೊಡಲು ಬಂದ ಊರ ಸಚಿವಾಲಯದ ಹುಡುಗಿಗೂ ತೋರಿಸಿದೆ. ನಮ್ಮದು ಆಂಧ್ರಕ್ಕೆ ಸೇರಿದ ಊರು; ಪಾಪ, ಅವಳದು ತೆಲುಗು ಓದು. ಹಾಳೆ ತಿರುವಿ ಚಿತ್ರ ನೋಡಿ, ‘ತೆಲುಗುಲೋ ಎಪ್ಪುಡು ವಸ್ತುಂದಿ ಅವ್ವಾ?’ ಅಂದಳು. ತೆಲುಗಿನಲ್ಲೂ ಬರುತ್ತದೆ ತಾಯಿ ಅಂದೆ, ನಾನೇ ಬರೆಯುವವಳ ಹಾಗೆ.

ಇಷ್ಟು ಸಂತೋಷ ಹೇಳಿಕೊಂಡ ಮೇಲೆ ಇನ್ನೊಂದನ್ನು ಹೇಳದೆ ಇರಲು ಆಗುವುದಿಲ್ಲ. ಈ ಪುಸ್ತಕದಲ್ಲಿ ನನ್ನದೊಂದು ಸುಳ್ಳು ಅಚ್ಚಾಗುವುದರಲ್ಲಿತ್ತು. ಸ್ವಲ್ಪದರಲ್ಲಿ ತಪ್ಪಿತು. ತಪ್ಪಿಸಿದವಳು ನಾನೇ ಎಂದು ಹೇಳಿಕೊಳ್ಳುವ ಮುಖ ನನಗಿಲ್ಲ.

ಹಗೇವು ಅಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ನೆಲದೊಳಗೆ ಬಾವಿಯ ಹಾಗೆ ತೋಡಿದ ಗುಳಿ. ಬಾಯಿ ಸಣ್ಣದು, ಒಬ್ಬರು ಮೈ ಕುಗ್ಗಿಸಿಕೊಂಡು ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ತೆಲುಗಿನವರು ಪಾತರ ಅನ್ನುತ್ತಾರೆ. ನಮ್ಮ ಮನೆಯದು ಕಣದ ಪಕ್ಕ, ಹುಣಸೆಮರದ ಹತ್ತಿರ ಇತ್ತು. ಈಗ ಅದರ ಮೇಲೆ ನೀರಿನ ಟ್ಯಾಂಕಿ ಬಂದಿದೆ.

ನನ್ನ ಮೊಮ್ಮಗಳು ಪಿಎಚ್‌ಡಿ ಮಾಡಿದ್ದು ಇದರ ಮೇಲೆ. ಮೊದಮೊದಲು ನನಗೆ ನಗು. ಊರು ತುಂಬ ಮುಚ್ಚಿಹೋದ ಗುಳಿಗಳ ಮೇಲೆ ಏನು ಓದುವುದು? ಅವಳು ರಾಯದುರ್ಗದ ಸುತ್ತ, ಭೈರವಾನಿತಿಪ್ಪದ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ, ಆಮೇಲೆ ನಮ್ಮ ಮಡಕಶಿರಾ ಸೀಮೆಗೆ ಬಂದಳು. ರಾತ್ರಿಯಾದರೆ ನಮ್ಮನೆ, ಹಗಲಾದರೆ ಊರೂರು. ಒಂದು ಸಂಜೆ ಬಂದವಳೇ ಚೀಲ ಬಿಸಾಕಿ ಗೋಡೆಗೆ ಒರಗಿ ಕುಂತಳು. ಮುಖ ಬಾಡಿತ್ತು. ಎಲ್ಲರೂ ಹಗೇವಿನ ಅಳತೆ ಹೇಳುತ್ತಾರೆ, ಎಷ್ಟು ರಾಗಿ ಹಿಡಿಸುತ್ತಿತ್ತು ಅಂತ ಹೇಳುತ್ತಾರೆ. ಒಳಗೆ ಇಳಿಯುತ್ತಿದ್ದವರು ಯಾರು ಅಂದರೆ ‘ಆಳುಗಳು ಇಳೀತಿದ್ರು’ ಅನ್ನುತ್ತಾರೆ, ಅಷ್ಟೇ. ಯಾವ ಆಳು, ಹೆಸರೇನು, ಒಳಗೆ ಹೇಗಿತ್ತು, ಒಬ್ಬರ ಬಾಯಲ್ಲೂ ಇಲ್ಲ. ಇಳಿದವರ ಒಂದು ಮಾತಿಲ್ಲದೆ ನಾನು ಏನು ಬರೆಯಲಿ ಅಜ್ಜಿ ಅಂದಳು.

ಆಗ ನಾನು ಹೇಳಿದೆ: ‘ನಾನೇ ಇಳಿದಿದ್ದೆ ಕಣೇ.’

ಯಾಕೆ ಹೇಳಿದೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವಳ ಮುಖ ನೋಡಿ ಹೇಳಿದೆ ಅನ್ನಬಹುದು. ಅದು ಅರ್ಧ ಮಾತ್ರ ನಿಜ. ಅಷ್ಟು ಓದಿದ ಹುಡುಗಿ ಊರವರ ಮಾತನ್ನೆಲ್ಲ ಫೋನಿನಲ್ಲಿ ಹಿಡಿದುಕೊಂಡು ಬರುತ್ತಿದ್ದಳು, ನನ್ನ ಹತ್ತಿರ ಮಾತ್ರ ‘ಊಟಕ್ಕೇನು ಅಜ್ಜಿ’ ಅಂತ ಕೇಳುತ್ತಿದ್ದಳು. ಆ ಮಾತು ಬಾಯಿಂದ ಬಿದ್ದದ್ದೇ ತಡ, ಅವಳು ಎದ್ದು ಬಂದು ನನ್ನ ಮೊಣಕಾಲಿನ ಹತ್ತಿರ ಕುಂತು ಫೋನು ತೆರೆದಳು. ಅಷ್ಟು ಹತ್ತಿರ ಅವಳು ಕುಂತು ಎಷ್ಟು ವರ್ಷವಾಗಿತ್ತೋ.

ಇಳಿದವಳು ನಾನಲ್ಲ. ಇಳಿದವಳು ನಮ್ಮ ಮನೆಗೆ ಕೂಲಿಗೆ ಬರುತ್ತಿದ್ದ, ನನ್ನದೇ ಓರಗೆಯ ಹೆಣ್ಣುಮಗಳು. ಈಗಲೂ ನಮ್ಮೂರಲ್ಲೇ ಕೆಳಗಿನ ಕೇರಿಯಲ್ಲಿದ್ದಾಳೆ, ನಾಲ್ಕು ಕುರಿ ಸಾಕಿಕೊಂಡು. ಆಕೆಯ ಹೆಸರು ಪುಸ್ತಕದಲ್ಲಿ ಬಂದಿದೆ, ಅಷ್ಟು ಸಾಕು ಅಂದಿದ್ದಾಳೆ. ಇಲ್ಲಿ ಆಕೆ ಎಂದೇ ಹೇಳುತ್ತೇನೆ. ಆಗ ಆಕೆ ಕಡ್ಡಿಯ ಹಾಗಿದ್ದಳು. ಹಗೇವಿನ ಬಾಯಲ್ಲಿ ಹಿಡಿಸುವ ಮೈ ಊರಲ್ಲಿ ಆಕೆಯದೊಂದೇ ಅನ್ನುತ್ತಿದ್ದರು.

ಹಗೇವಿನ ಒಳಗೆ ಇಳಿದವರು ಬಾಯಿ ಮುಚ್ಚುವ ಹಾಗಿಲ್ಲ. ಒಂದೊಂದು ಪುಟ್ಟಿ, ಅಂದರೆ ಬುಟ್ಟಿ, ರಾಗಿ ತುಂಬಿ ಹಗ್ಗ ಜಗ್ಗಿದಾಗಲೂ ಲೆಕ್ಕ ಕೂಗಬೇಕು. ಒಂದು ಅನ್ನುವ ಹಾಗಿಲ್ಲ. ಮೊದಲನೆಯದಕ್ಕೆ ‘ಲಾಭ’ ಅನ್ನಬೇಕು. ಲಾಭ, ಎರಡು, ಮೂರು ಎಂದು ರಾಗ ಎಳೆದು ಕೂಗುತ್ತಾ ಹೋಗಬೇಕು. ಪುಟ್ಟಿ ತುಂಬುವ ನಡುವೆಯೂ ಅದೇ ಲೆಕ್ಕವನ್ನು ಮತ್ತೆ ಮತ್ತೆ ಅನ್ನುತ್ತಿರಬೇಕು, ನಾಲ್ಕೇ ನಾಲ್ಕು, ನಾಲ್ಕೇ ನಾಲ್ಕು ಅಂತ. ಲೆಕ್ಕ ತಪ್ಪದಿರಲಿ ಅನ್ನುವುದು ಒಂದು. ಒಳಗಿರುವವರು ಬದುಕಿದ್ದಾರೆ ಎಂದು ಮೇಲಿನವರಿಗೆ ಗೊತ್ತಾಗಲಿ ಅನ್ನುವುದು ಇನ್ನೊಂದು. ಬಾಯಿಯ ಹತ್ತಿರ ಒಬ್ಬರು ಕುಂತು ಬರೀ ಆ ದನಿಗೆ ಕಿವಿ ಕೊಟ್ಟಿರಬೇಕು. ದನಿ ನಿಂತರೆ ಕೂಗಿಕೊಳ್ಳಬೇಕು. ಮದುವೆಯಾಗಿ ಬಂದ ವರ್ಷ ನಮ್ಮತ್ತೆ ನನ್ನನ್ನು ಅಲ್ಲಿ ಕೂರಿಸಿದರು. ಎಳೆ ಕಿವಿ, ಚೆನ್ನಾಗಿ ಕೇಳಿಸುತ್ತದೆ ಅಂದರು. ಹೊಸ ಸೊಸೆಗೆ ಇಷ್ಟು ಸುಲಭದ ಕೆಲಸ ಸಿಕ್ಕಿತಲ್ಲ ಅಂತ ನನಗೆ ಖುಷಿ.

ಆವತ್ತು ಚಪ್ಪಡಿ ತೆಗೆದು ಒಂದು ಹೊತ್ತು ಹಾಗೇ ಬಿಟ್ಟಿದ್ದರು. ದೀಪ ಇಳಿಬಿಟ್ಟು ನೋಡಿದ್ದರು, ಉರಿದಿತ್ತು. ಆಕೆ ಇಳಿದಳು. ಗಂಡಸರು ಪುಟ್ಟಿ ಎಳೆದು, ಹೊತ್ತು, ಮನೆಗೆ ಸಾಗಿಸುತ್ತಿದ್ದರು. ನಾನು ಬಾಯಿಯ ಹತ್ತಿರ ಕುಂತಿದ್ದೆ. ಆ ಹೊತ್ತಿಗೆ ಬಳೆಗಾರ ಬಂದ. ಹುಣಸೆಮರದ ಕೆಳಗೆ ಗಂಟು ಬಿಚ್ಚಿದ. ಹಸಿರು ಬಳೆ. ನಾನು ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ ಕೈ ಚಾಚಿದೆ. ನಾಲ್ಕೇ ಹೆಜ್ಜೆ. ಅವನು ಅಂಗೈ ಅಮುಕಿ ಅಮುಕಿ ಬಳೆ ಏರಿಸುತ್ತಿದ್ದ. ನೋವಿಗೆ ನಾನು ನಗುತ್ತಿದ್ದೆ. ಆರು ಬಳೆ ಏರಿದ ಮೇಲೆ ನನಗೆ ನೆನಪಾಯಿತು. ಹಗೇವಿನಿಂದ ದನಿ ಇರಲಿಲ್ಲ.

ನಾನು ಕೂಗಿದ ಕೂಗಿಗೆ ಗಂಡಸರೆಲ್ಲ ಓಡಿ ಬಂದರು. ಆಕೆಯ ಗಂಡ ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡು, ಬಾಯಿಯ ಅಂಚಿಗೆ ಭುಜ ತರಚಿಕೊಂಡು ಇಳಿದ. ಆಕೆಯ ಕಂಕುಳಿಗೆ ಹಗ್ಗ ಕಟ್ಟಿ ಎಳೆದರು. ಮರದ ಕೆಳಗೆ ಮಲಗಿಸಿ ನೀರು ಎರಚಿದರು. ಎಷ್ಟೋ ಹೊತ್ತಿಗೆ ಉಸಿರು ಎಳೆದುಕೊಂಡಳು. ಕಣ್ಣು ಬಿಟ್ಟು ಮೊದಲು ಕೇಳಿದ್ದು, ‘ಎಷ್ಟಕ್ಕೆ ನಿಲ್ಲಿಸಿದ್ದೆ?’ ಎಂದು. ಎಲ್ಲರೂ ನನ್ನ ಕಡೆ ನೋಡಿದರು. ಕಿವಿ ಕೊಟ್ಟವಳು ನಾನಲ್ಲವೇ. ನನಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: ‘ಹದಿನಾಲ್ಕು.’

ಅದು ಮೊದಲನೆಯ ಸುಳ್ಳು. ಅತ್ತೆ ನನ್ನ ಕೈಯ ಹೊಸ ಬಳೆ ನೋಡಿದರು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ, ಆದರೆ ತಿರುಗಿಸಿ ಹೇಳಿದೆ. ಒಳಗೆ ನಾನು. ಮೇಲೆ ಕುಂತವಳು ಒಬ್ಬ ಕೂಲಿಯ ಹುಡುಗಿ. ಬಳೆ ಇಡಿಸಿಕೊಳ್ಳಲು ಹೋದವಳು ಆ ಹುಡುಗಿ. ಎಚ್ಚರ ತಪ್ಪಿದವಳು ನಾನು. ಹೆಸರು ಹೇಳಲಿಲ್ಲ, ಅದೊಂದು ಮಾಡಲಿಲ್ಲ. ಒಳಗಿನ ಕಾವು, ಹುಲ್ಲಿನ ಮುಗ್ಗಲು ವಾಸನೆ, ತಲೆಯ ಮೇಲೆ ನಾಣ್ಯದಷ್ಟು ಕಾಣುವ ಆಕಾಶ, ಇವನ್ನೆಲ್ಲ ಆಕೆಯೇ ಆ ಕಾಲದಲ್ಲಿ ಕಳೆ ಕೀಳುತ್ತಾ ನನಗೆ ಹೇಳಿದ್ದು. ನಾನು ಚೆನ್ನಾಗಿ ನೆನಪಿಟ್ಟುಕೊಂಡಿದ್ದೆ. ಮೊಮ್ಮಗಳ ಕಣ್ಣಲ್ಲಿ ನೀರು ಬಂತು. ನನ್ನ ಕೈ ಹಿಡಿದುಕೊಂಡಳು, ಬಳೆ ಇರುವ ಕೈ.

ಥೀಸಿಸ್ಸು ಇಂಗ್ಲಿಷಿನಲ್ಲಿ ಬಂತು. ಕಪ್ಪು ರಟ್ಟು, ಬಂಗಾರದ ಅಕ್ಷರ, ಹಿಟ್ಟಿನ ಡಬ್ಬಿಯಷ್ಟು ಭಾರ. ನನಗೊಂದು ಪ್ರತಿ ಕೊಟ್ಟಳು. ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದೆ. ಬಂದವರು ತೆಗೆದು ನೋಡಿ, ತಲೆದೂಗಿ, ಅಲ್ಲೇ ಇಡುತ್ತಿದ್ದರು. ಅದರೊಳಗೆ ನಾನಿದ್ದೇನಂತೆ ಅಂತ ಹೇಳುತ್ತಿದ್ದೆ, ಹೌದೇನಕ್ಕಾ ಅನ್ನುತ್ತಿದ್ದರು. ನಮ್ಮೂರಲ್ಲಿ ಅದನ್ನು ಓದುವವರು ಯಾರೂ ಇರಲಿಲ್ಲ. ಅದು ನನಗೆ ಎಷ್ಟು ನೆಮ್ಮದಿಯಾಗಿತ್ತು ಎಂದು ಈಗ ನೆನೆದರೆ ತಲೆ ತಗ್ಗುತ್ತದೆ.

ಮೊಮ್ಮಗಳಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಪದವಿ ಸಿಕ್ಕ ಮೇಲೆ ಒಂದು ಪ್ರತಿ ಹಿಡಿದುಕೊಂಡು ಭೈರವಾನಿತಿಪ್ಪದ ಕಡೆ ಒಬ್ಬ ಮುದುಕನ ಹತ್ತಿರ ಹೋಗಿದ್ದಳಂತೆ. ಹಗೇವು ತೋಡುವ ಮಣ್ಣಿನ ಗುರುತು ಅವಳಿಗೆ ಎರಡು ದಿನ ಹೇಳಿಕೊಟ್ಟಿದ್ದವನು ಅವನು. ‘ನಾವು ಹೇಳಿದ್ದು ಏನಾತವ್ವಾ?’ ಅಂದನಂತೆ. ಇವಳು ಥೀಸಿಸ್ಸು ಕೊಟ್ಟಳು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಹಾಳೆಯನ್ನೂ ಮರ್ಯಾದೆಯಿಂದ ಮಗುಚಿ, ಎರಡು ಕೈಯಲ್ಲಿ ವಾಪಸು ಕೊಟ್ಟು, ‘ಯಾಕ ಬ್ಯಾಸರ ಮಾಡ್ಕೋತಿ, ದೊಡ್ಡೋರಿಗೆ ಬರದೀದಿ, ಚಲೋ ಆತು’ ಅಂದನಂತೆ. ನಮ್ಮ ಹುಡುಗಿ ಬಸ್‌ಸ್ಟಾಂಡಿನವರೆಗೂ ಅತ್ತುಕೊಂಡು ಬಂದಳಂತೆ. ಅದೇ ವಾರ, ಹೇಳಿದವರಿಗೆ ಓದಲು ಬರುವಂಥ ಪುಸ್ತಕ ಬರೆಯುತ್ತೇನೆ ಎಂದು ಹೊರಟಳು.

ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲೇ ಇದ್ದು ಬರೆದಳು. ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ನನಗೆ ಓದಿ ಹೇಳುವಳು. ನಾನು ಆಕಳಿಸಿದ ಕಡೆ ಕೆಂಪು ಪೆನ್ಸಿಲಿನ ಗೆರೆ. ಮೊದಲ ವಾರ ಹಾಳೆಗಳೆಲ್ಲ ಕೆಂಪಾದವು. ‘ಆಮ್ಲಜನಕದ ಪ್ರಮಾಣವು ಕ್ಷೀಣಿಸಿದಾಗ’ ಎಂದು ಓದಿದಳು. ಇದು ಯಾರ ಮನೆ ಮಾತು ಅಂತ ಕೇಳಿದೆ. ನಕ್ಕಳು. ಹಾಗಾದರೆ ನೀನು ಹೇಗೆ ಹೇಳ್ತಿ ಅಂದಳು. ದೀಪ ಆರುವಂಥ ಗಾಳಿ ಅಂದೆ. ಬರೆದುಕೊಂಡಳು. ‘ಸಾಂಪ್ರದಾಯಿಕ ಶೇಖರಣಾ ವಿಧಾನ’ ಹೋಗಿ ‘ಕಾಳು ಇಡುವ ಬಗೆ’ ಬಂತು. ಎಲ್ಲವನ್ನೂ ನನ್ನ ಹತ್ತಿರ ಕೇಳಿ ಸುಲಭ ಮಾಡಿದಳು ಅಂದುಕೊಳ್ಳಬೇಡಿ. ನನಗೆ ಗೊತ್ತಿಲ್ಲದ್ದನ್ನೂ ನನಗೆ ತಿಳಿಯುವ ಹಾಗೆ ಹೇಳಿದಳು. ಹಗೇವಿನ ತಳದಲ್ಲಿ ಗಾಳಿಯ ಭೂತ ಇರುತ್ತದೆ ಎಂದು ನಾವು ನಂಬಿದ್ದೆವು. ಅವಳು ಬರೆದಳು: ರಾಗಿ ಕಾಳೂ ನಮ್ಮ ಹಾಗೆ ಉಸಿರಾಡುತ್ತದೆ, ಮುಚ್ಚಿದ ಗುಳಿಯಲ್ಲಿ ಒಳ್ಳೆಯ ಗಾಳಿಯನ್ನೆಲ್ಲ ಉಸಿರಾಡಿ ಮುಗಿಸುತ್ತದೆ, ಅದು ಬಿಟ್ಟ ಉಸಿರು ಭಾರ, ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ, ಅದಕ್ಕೇ ಮೇಲೆ ದೀಪ ಉರಿದರೂ ಕೆಳಗೆ ಬಗ್ಗಿದವರ ಉಸಿರು ಕಟ್ಟುತ್ತದೆ.

ಇದನ್ನು ಕೇಳಿದ ಮಧ್ಯಾಹ್ನ ನಾನು ಆಕಳಿಸಲಿಲ್ಲ. ಅಷ್ಟು ವರ್ಷದ ಹಿಂದಿನ ಆ ದಿನ ಆಕೆಗೆ ಏನಾಗಿತ್ತು ಎಂದು ನನಗೆ ತಿಳಿದದ್ದು ಆಗ. ಬಳೆಗಾರ ಒಂದೊಂದು ಬಳೆ ಏರಿಸುವಾಗಲೂ ಆ ಉಸಿರು ಆಕೆಯ ಮೂಗಿನ ತನಕ ಏರುತ್ತಿತ್ತು.

ನನ್ನ ಅಧ್ಯಾಯ ಹತ್ತಿರ ಬಂದ ಹಾಗೆಲ್ಲ ಅದನ್ನು ಬಿಡಿಸಲು ನೋಡಿದೆ. ಅದು ಉದ್ದವಾಯಿತು, ಬಿಡು ಅಂದೆ. ಮುದುಕಿಯರ ಕಥೆ ಯಾರು ಓದುತ್ತಾರೆ ಅಂದೆ. ಅವಳು ಓದುವಾಗ ಬೇಕೆಂದೇ ಎರಡು ಸಲ ಆಕಳಿಸಿದೆ. ‘ಸುಳ್ಳು ಆಕಳಿಕೆ’ ಅಂದಳು, ‘ಇದೇ ಪುಸ್ತಕದ ಜೀವ ಅಜ್ಜಿ. ಇದಿಲ್ಲಂದ್ರ ಬರೇ ಗುಳಿ ಉಳೀತೈತಿ.’ ನನ್ನ ಒಂದು ಸುಳ್ಳು ಅವಳಿಗೆ ಗೊತ್ತಾಯಿತು, ಇನ್ನೊಂದು ಗೊತ್ತಾಗಲಿಲ್ಲ.

ಅಚ್ಚಿಗೆ ಕೊಡುವ ಮೊದಲು ಊರ ಹೆಂಗಸರಿಗೆ ಒಂದು ಸಲ ಓದಿ ನೋಡಬೇಕು, ಎಲ್ಲಿ ತಿಳಿಯಲಿಲ್ಲ ಅಂತ ಕೇಳಬೇಕು ಅಂದಳು. ನಮ್ಮ ಜಗಲಿಯ ಮೇಲೇ ಕೂಡಿಸಿದಳು. ಹಳಬರೆಲ್ಲ ಬರಬೇಕೆಂದು ತಾನೇ ಕೇರಿ ಕೇರಿ ತಿರುಗಿ ಕರೆದು ಬಂದಳು. ಆಕೆಯೂ ಬಂದಳು. ಜಗಲಿಯ ಮೇಲೆ ಬಾ ಎಂದು ಮೊಮ್ಮಗಳು ಕೈ ಹಿಡಿದು ಎಳೆದರೂ ಕೆಳಗಿನ ಮೆಟ್ಟಿಲಲ್ಲೇ ಕುಂತಳು. ನಾನು ಕಂಬದ ಹಿಂದೆ ಕುಂತೆ.

ಮೊಮ್ಮಗಳು ಓದಿದಳು. ದನಿ ಚೆನ್ನ ಅವಳದು. ಲೆಕ್ಕ ಕೂಗುವ ಕಡೆ ಬಂದಾಗ ‘ಲಾಭ’ ಎಂದು ರಾಗ ಎಳೆದಳು. ಕೆಳಗಿನ ಮೆಟ್ಟಿಲಿಂದ, ಆಕೆಗೇ ಗೊತ್ತಿಲ್ಲದ ಹಾಗೆ, ‘ಎರಡೂ’ ಎಂದು ಬಂತು. ಅದೇ ಹಳೆಯ ಎಳೆತ. ಎಲ್ಲರೂ ನಕ್ಕರು, ಆಕೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಲ್ಲಿಂದ ಮುಂದಕ್ಕೆ ‘ನಮ್ಮಜ್ಜಿ’ ಒಳಗಿಳಿದದ್ದು ಬಂತು. ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲೆ ಕುಂತ ಕೂಲಿಯ ಹುಡುಗಿ ಬಳೆಗಾರನ ಕಡೆ ಎದ್ದು ಹೋದದ್ದು ಬಂತು. ನಾನು ಕಂಬದ ಸಂದಿಯಿಂದ ಆಕೆಯನ್ನೇ ನೋಡುತ್ತಿದ್ದೆ. ಆಕೆ ನನ್ನ ಕಡೆ ನೋಡಲಿಲ್ಲ. ತನ್ನ ಎರಡು ಕೈಯನ್ನೂ ಮಡಿಲಲ್ಲಿ ಮಗುಚಿ ಮಗುಚಿ ನೋಡಿಕೊಳ್ಳುತ್ತಿದ್ದಳು.

ಓದಿ ಮುಗಿಸಿ, ತಿಳಿಯಿತೇ ಎಂದು ಮೊಮ್ಮಗಳು ಒಬ್ಬೊಬ್ಬರನ್ನೂ ಕೇಳಿದಳು. ಆಕೆಯನ್ನೂ ಕೇಳಿದಳು.

‘ಎಲ್ಲಾ ತಿಳೀತು ಕಣವ್ವ,’ ಅಂದಳು ಆಕೆ. ‘ಚೆಂದಾಗಿ ಬರ್ದಿದ್ದೀಯ. ಕುರಿಗೆ ನೀರಿಡಬೇಕು, ಬತ್ತೀನಿ.’

ಎದ್ದು ಹೋದಳು. ಹಳಬರು ಒಬ್ಬೊಬ್ಬರೇ ಎದ್ದರು. ನನ್ನ ಮುಖಕ್ಕೆ ಹೇಳುವವರು ಯಾರು? ಈ ಮನೆಯ ಜಗಲಿ, ಈ ಮನೆಯ ಕಾಫಿ. ಮೊಮ್ಮಗಳು ಹಾಳೆಯ ಅಂಚಿನಲ್ಲಿ ಟಿಕ್ಕು ಹಾಕುತ್ತಾ, ಒಂದು ಕಡೆಯೂ ಕೆಂಪು ಗೆರೆ ಬೀಳಲಿಲ್ಲ ಅಜ್ಜಿ ಅಂದಳು. ಅಷ್ಟು ಖುಷಿಯಾಗಿದ್ದಳು. ಇಂಗ್ಲಿಷಿನಲ್ಲಿ ಅಡಗಿ ಕುಂತಿದ್ದ ನನ್ನ ಸುಳ್ಳನ್ನು ಅವಳು ಊರಿಗೆಲ್ಲ ತಿಳಿಯುವ ಹಾಗೆ ಮಾಡಿದ್ದಳು, ಅವಳೊಬ್ಬಳಿಗೆ ಬಿಟ್ಟು.

ಮಾರನೆಯ ಬೆಳಿಗ್ಗೆ ಆಕೆಯ ಮನೆಗೆ ಹೋದೆ. ಐವತ್ತು ವರ್ಷ ಒಂದೇ ಊರಲ್ಲಿದ್ದೇವೆ, ಆ ಮನೆಯ ಹೊಸಲಿನ ಹತ್ತಿರ ನಾನು ಹೋಗಿದ್ದು ಅದೇ ಮೊದಲು ಎಂದು ಅಲ್ಲಿ ನಿಂತಾಗ ತಿಳಿಯಿತು. ಆಕೆ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಕುಂತ್ಕಳಿ ಅಮ್ಮಾರೇ ಅಂದಳು. ಕಲ್ಲಿನ ಮೇಲೆ ಕುಂತೆ. ತಪ್ಪಾಯಿತು ಅಂದೆ.

ಆಕೆ ಸೊಪ್ಪು ಕಟ್ಟುವುದನ್ನು ನಿಲ್ಲಿಸಲಿಲ್ಲ.

‘ನಾನ್ ಇಳಿದಿದ್ದ ನೀವ್ ಇಳಿದ್ರಿ ಅಂತ ಹೇಳ್ಕಂಡ್ರಿ. ಹೋಗ್ಲಿ, ಅದ್ರಾಗೇನು, ಇಳಿದೋರ್ಗೆ ಯಾರು ಮೆಡ್ಲು ಕೊಟ್ಟವ್ರೆ. ಆದ್ರೆ ನಾನು ಬಳೆ ತೊಡ್ಸಿಕಳಾಕೆ ಹೋದೆ ಅಂತ ಹೇಳ್ಬಿಟ್ರಲ್ಲ ಅಮ್ಮಾರೇ. ಆ ಬಳೆ ನಿಮ್ ಕೈಯಾಗಿತ್ತು. ನಾನ್ ಕಣ್ ಬಿಟ್ಟಾಗ ಮೊದ್ಲು ಕಂಡಿದ್ದೇ ಅದು.’

ನಾನು ಸೆರಗನ್ನು ಕೈಯ ಬಳೆಯ ಮೇಲೆ ಎಳೆದುಕೊಂಡೆ.

‘ನನ್ ಮೊಮ್ಮಗ್ಳು ಕನ್ನಡ ಸ್ಕೂಲಿಗೆ ಹೋಗ್ತಾಳೆ. ಬೋಂಡ ಕಟ್ಕೊಟ್ಟ ಪೇಪರ್ನೂ ಬಿಡಲ್ಲ, ಓದ್ತಾಳೆ. ನಾಳೆ ಇದ್ನೂ ಓದ್ತಾಳೆ. ಆ ಕೂಲಿ ಹುಡ್ಗಿ ಯಾರವ್ವಾ ಅಂತ ಕೇಳಿದ್ರೆ ನಾನೇನ್ ಹೇಳ್ಲಿ?’ ಸೊಪ್ಪಿನ ಕಟ್ಟನ್ನು ಗೂಟಕ್ಕೆ ಸಿಕ್ಕಿಸಿ ಕೈ ಒರೆಸಿಕೊಂಡಳು. ‘ಇನ್ನೊಂದು. ಹದಿನಾಲ್ಕಲ್ಲ, ಹದಿನೇಳು. ಆವತ್ತೇ ಗೊತ್ತಿತ್ತು ನಂಗೆ. ಹದಿನೇಳೇ ಹದಿನೇಳು ಅಂತಿದ್ದಾಗ್ಲೇ ಕಣ್ ಕತ್ಲೆ ಬಂದಿದ್ದು. ನೀವ್ ಕೇಳ್ತಿದ್ರೇನೋ ಅಂತ ನೋಡಾಕೆ ಕೇಳ್ದೆ.’

ಐವತ್ತು ವರ್ಷ ಆಕೆ ಅದನ್ನು ಇಟ್ಟುಕೊಂಡಿದ್ದಳು. ಕಳೆ ಕೀಳುವಾಗ, ಸುಗ್ಗಿಯಲ್ಲಿ, ನನ್ನ ಮಗಳ ಬಾಣಂತನಕ್ಕೆ ನೀರು ಕಾಯಿಸಿ ಕೊಡುವಾಗ, ಆ ಹದಿನೇಳು ಆಕೆಯ ಹತ್ತಿರ ಇತ್ತು. ಏನು ಮಾಡಲಿ ಹೇಳು ಅಂದೆ. ನನಗೆ ಹೇಳಿ ಏನು ಪ್ರಯೋಜನ, ನಡೆದದ್ದು ನನಗೆ ಗೊತ್ತೇ ಇದೆಯಲ್ಲ, ಬರೆಯುವವಳಿಗೆ ಹೇಳಿ ಎಂದು ಆಕೆ ಕುರಿ ಬಿಟ್ಟುಕೊಂಡು ಹೊರಟಳು.

ಮೊಮ್ಮಗಳಿಗೆ ಹೇಳಲು ನನಗೆ ಸಂಜೆಯವರೆಗೆ ಬೇಕಾಯಿತು. ಅವಳು ಕಂಪ್ಯೂಟರಿನ ಮುಂದಿದ್ದಳು. ನಿಂತುಕೊಂಡೇ ಹೇಳಿದೆ, ಬಳೆಯಿಂದ ಹಿಡಿದು ಹದಿನಾಲ್ಕರವರೆಗೆ. ಕೊನೆಯಲ್ಲಿ, ಆವತ್ತು ನಿನ್ನ ಬಾಡಿದ ಮುಖ ನೋಡಲಾಗದೆ ಹಾಗೆ ಹೇಳಿದೆ ಅಂದೆ. ಅವಳು ಕಂಪ್ಯೂಟರು ಮುಚ್ಚಿದಳು.

‘ನನ್ನ ಮ್ಯಾಲ ಹಾಕಬ್ಯಾಡ ಅಜ್ಜಿ,’ ಅಂದಳು. ಆಮೇಲೆ ದೇವರ ಗೂಡಿನ ಕಡೆ ನೋಡಿ, ‘ಥೀಸಿಸ್ಸಿನಾಗ ಹೋಗಿಬಿಟ್ಟೈತಿ. ನನ್ನ ಹೆಸರಿನ ಮ್ಯಾಲ. ನಾನು ಇನ್ನೊಬ್ಬರ್ನ ಕೇಳಬೇಕಿತ್ತು. ನೀನು ನನ್ನಜ್ಜಿ ಅಂತ ಕೇಳಲಿಲ್ಲ.’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಹಾಕಿದ್ದು ಉಂಡಳು, ತಟ್ಟೆ ತಾನೇ ತೊಳೆದಿಟ್ಟಳು. ಕೊಟ್ಟ ಪದವಿಯನ್ನು ಕಿತ್ತುಕೊಂಡರೆ ಏನು ಗತಿ ಎಂದು ನಾನು ದೇವರ ಗೂಡಿನ ಕಡೆ ನೋಡುವುದನ್ನೇ ಬಿಟ್ಟೆ. ಅಲ್ಲಿ ಆ ಕಪ್ಪು ಪುಸ್ತಕ ಕುಂಕುಮ ಇಟ್ಟುಕೊಂಡು ಕುಂತಿತ್ತು. ಮೂರನೆಯ ದಿನ ಅವಳು ಫೋನು ಹಿಡಿದುಕೊಂಡು ಕೆಳಗಿನ ಕೇರಿಗೆ ಹೋದಳು. ಮೊದಲ ದಿನ ಆಕೆ ಮಾತಾಡಲೇ ಇಲ್ಲವಂತೆ. ಕುರಿ ಹಿಂದೆ ಇವಳೂ ಹೋದಳಂತೆ. ಹಾಗೆ ಹೋಗಲು ಹಿಡಿದ ನಾಲ್ಕನೆಯ ದಿನ ಬಿಸಿಲಲ್ಲಿ ಕಪ್ಪಾಗಿ, ಚಪ್ಪಲಿ ಕಿತ್ತುಕೊಂಡು ಬಂದಳು. ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದೇ, ಹಗೇವಿನೊಳಗೆ ಬರಿಗಾಲಲ್ಲೇ ಯಾಕೆ ಇಳಿಯಬೇಕು ಗೊತ್ತಾ ಅಜ್ಜಿ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ತಳದ ರಾಗಿ ಬೆಚ್ಚಗಿದ್ದರೆ ಕೆಟ್ಟಿದೆ ಎಂದು ಅಂಗಾಲಿಗೆ ಮೊದಲು ತಿಳಿಯುತ್ತದಂತೆ. ಇಂಥವು ಎಷ್ಟೋ. ನಾನು ಮೇಲಿಂದ ಕೇಳಿದ್ದನ್ನು ಹೇಳಿದ್ದೆ. ಆಕೆ ಒಳಗಿನದನ್ನು ಹೇಳಿದಳು.

ಅಧ್ಯಾಯವನ್ನು ಮೊದಲಿಂದ ಬರೆದಳು. ಪಿಎಚ್‌ಡಿ ಮಾಡಿಸಿದ ಗೈಡಿಗೂ ಎಲ್ಲವನ್ನೂ ತಿಳಿಸಿ ಕಾಗದ ಬರೆದಳು. ಅವರು ಬೇಜಾರು ಮಾಡಿಕೊಂಡರಂತೆ. ಆದರೆ ತಪ್ಪನ್ನು ಮುಚ್ಚಿಡದೆ ಪುಸ್ತಕದ ಮೊದಲಲ್ಲೇ ಹೇಳು, ಥೀಸಿಸ್ಸಿಗೂ ತಿದ್ದುಪಡಿ ಬರೆದು ಸೇರಿಸು ಅಂದರಂತೆ. ಹೇಗೆ ಹೇಳಲಿ ಎಂದು ಅವಳು ನನ್ನನ್ನು ಕೇಳಿದಳು. ಯಾರೋ ಒಬ್ಬರು ಅಂತ ಬರೆದರೆ ಆಗುವುದಿಲ್ಲವೇ ಅಂದೆ. ಆ ಗಳಿಗೆಯಲ್ಲೂ ನನ್ನ ಬಾಯಲ್ಲಿ ಅದೇ ಬಂತು, ಹೇಳದೆ ಬಿಡಲಾರೆ. ಅವಳು ಪೆನ್ಸಿಲು ಕೆಳಗಿಟ್ಟಳು. ಬರಿ, ನಿಮ್ಮಜ್ಜಿ ಅಂತಲೇ ಬರಿ ಅಂದೆ. ಅಚ್ಚಾದ ಪುಸ್ತಕದಲ್ಲಿ ಹೀಗಿದೆ: ‘ಈ ಸಂಗತಿಯನ್ನು ಮೊದಲು ನನಗೆ ತಿರುಗುಮುರುಗಾಗಿ ಹೇಳಿದವರು ನನ್ನ ಅಜ್ಜಿ. ಅವರು ಇಳಿದವರಲ್ಲ, ಮೇಲೆ ಕುಳಿತು ಕೇಳಬೇಕಾಗಿದ್ದವರು. ವಿಚಾರಿಸದೆ ನಂಬಿದ್ದು ನನ್ನ ತಪ್ಪು.’ ಮೊನ್ನೆ ಮಿಷನ್ನಿನ ಹತ್ತಿರ ಎಲ್ಲರಿಗೂ ಪುಸ್ತಕ ತೋರಿಸಿದೆನಲ್ಲ, ಆ ಪುಟವನ್ನು ನಾನಾಗಿ ತೆರೆಯಲಿಲ್ಲ. ಮುಚ್ಚಿಯೂ ಹಿಡಿಯಲಿಲ್ಲ. ಒಬ್ಬಳು ಓದಿಕೊಂಡು ನನ್ನ ಮುಖ ನೋಡಿದಳು. ಹೌದು ಅಂದೆ.

ಪಕ್ಕಕ್ಕಿಟ್ಟಿದ್ದ ಮೊದಲ ಪುಸ್ತಕವನ್ನು ಮೊಮ್ಮಗಳು ಆಕೆಯ ಮನೆಗೆ ಕೊಟ್ಟು ಬಂದಳು. ಆಕೆಯ ಮೊಮ್ಮಗಳು ಸ್ಕೂಲಿನಿಂದ ಬಂದವಳೇ ಕುಂತಲ್ಲೇ ಅರ್ಧ ಮುಗಿಸಿದಳಂತೆ. ಸಂಜೆ ಊಟಕ್ಕೆ ಬರಲೇಬೇಕೆಂದು ಹೇಳಲು ನಾನೇ ಹೋದೆ. ಸಂಜೆಗೆ ನೋಡೋಣ ಅಂದಳು ಆಕೆ. ಬರುವುದಿಲ್ಲ ಅಂದುಕೊಂಡೆ.

ಮಗಳು ಒಬ್ಬಟ್ಟು ಮಾಡಿದಳು. ಹುರುಳಿಕಾಳಿನ ಸಾರು, ಮುದ್ದೆ. ಅಳಿಯ ರಾಯದುರ್ಗದಿಂದ ಮೈಸೂರುಪಾಕು ತಂದಿದ್ದರು. ಕರೆದಿದ್ದ ನೆರೆಮನೆಯವರೂ ಅವರ ಮಕ್ಕಳೂ ಬಂದರು. ನಡುಮನೆಯಲ್ಲಿ ಸಾಲಾಗಿ ತಟ್ಟೆ ಹಾಕುವ ಹೊತ್ತಿಗೆ ಹೊರಗೆ ಕುರಿಯ ಗಂಟೆ ಕೇಳಿಸಿತು. ಒಂದು ಮರಿಯನ್ನು ಹಿಂದೆ ಹಾಕಿಕೊಂಡೇ ಆಕೆ ಬಂದಿದ್ದಳು, ತನ್ನ ಮೊಮ್ಮಗಳ ಜೊತೆ. ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತಳು. ನನ್ನ ಮೊಮ್ಮಗಳು ಕೈ ಹಿಡಿದು ಒಳಗೆ ತಂದು ನನ್ನ ಎದುರಿನ ತಟ್ಟೆಗೆ ಕೂರಿಸಿದಳು.

ಮಗಳು ಮುದ್ದೆಯ ಪಾತ್ರೆ ಹಿಡಿದು ಬಡಿಸುತ್ತಾ ಬಂದಳು. ಮೊದಲ ಮುದ್ದೆ ಆಕೆಯ ತಟ್ಟೆಗೆ ಬಿತ್ತು. ‘ಲಾಭ,’ ಅಂದಳು ಆಕೆ, ತನ್ನಷ್ಟಕ್ಕೆ. ಆಕೆಯ ಮೊಮ್ಮಗಳು ಕಿಸಕ್ಕೆಂದಳು. ಮಗಳು ಮುಂದಿನ ತಟ್ಟೆಗೆ ಹೋದಳು. ಎರಡು ಎಂದು ಬಂತು. ನನ್ನ ಮಗ್ಗುಲಲ್ಲಿ ಕುಂತ ಅಳಿಯ ಬಸ್ಸಿನ ಕಥೆ ತೆಗೆದರು, ಕಲ್ಯಾಣದುರ್ಗದಲ್ಲಿ ಟೈರು ಪಂಚರಾಗಿ ಏನೇನಾಯಿತು ಅಂತ. ಮೂರು, ನಾಲ್ಕು. ಸಾರು ಬಡಿಸುವವರು, ತುಪ್ಪ ಬೇಕೇ ಎಂದು ಕೇಳುವವರು, ಮಕ್ಕಳ ಗಲಾಟೆ. ಆಕೆಯ ದನಿ ಈಗ ದೊಡ್ಡದೇನೂ ಅಲ್ಲ. ನಾನು ಅಳಿಯನ ಕಡೆ ಮುಖ ಮಾಡಿಕೊಂಡಿದ್ದೆ, ಅಷ್ಟೇ.

‘ಅತ್ತೆರೀ, ನಾನು ಹೇಳಿದ್ದು ಕೇಳಿಸ್ತೇನ್ರಿ?’ ಅಂದರು ಅವರು.

ಅವರು ಹೇಳಿದ್ದು ನನಗೆ ಕೇಳಿಸಿರಲಿಲ್ಲ. ಅಷ್ಟರಲ್ಲಿ ಮಗಳು ಪಾತ್ರೆ ತುಂಬಿಕೊಂಡು ಬರಲು ಒಳಗೆ ಹೋದಳು, ಲೆಕ್ಕ ನಿಂತಿತು. ಆಕೆ ತಟ್ಟೆಯಿಂದ ತಲೆ ಎತ್ತಿ ಮೊದಲ ಸಲ ನೇರವಾಗಿ ನನ್ನನ್ನು ನೋಡಿದಳು.

‘ಎಷ್ಟಕ್ಕೆ ನಿಲ್ಸಿದೆ ಅಮ್ಮಾರೇ?’

‘ಒಂಬತ್ತು,’ ಅಂದೆ.

ಆಕೆ ಹ್ಞೂಂ ಅಂದು ಮುದ್ದೆ ಮುರಿದಳು. ಎಲ್ಲರೂ ಊಟಕ್ಕೆ ಕೈ ಹಾಕಿದರು.